ಒಂಬತ್ತನೆಯ ದಿನ

ಹನ್ನೊಂದು ವರ್ಷವಾಯಿತು ನಮ್ಮಿಬ್ಬರಲ್ಲಿ ಮಾತು ನಿಂತು.
ಆದರೂ ಡೊಮಿಸೇಲೆಯ ಜೇನುಪೆಟ್ಟಿಗೆಯ ಒಳಸುದ್ದಿ
ನನಗೆ ಗೊತ್ತಿರುವಷ್ಟು ಅವಳ ಮಗನಿಗೂ ಗೊತ್ತಿಲ್ಲ.
ಬೇಲಿ ಎದೆಮಟ್ಟ; ಮೊಣಕೈ ಊರಲು ಹೇಳಿ ಮಾಡಿಸಿದ್ದು.

ಕೆರೆಯ ಹಿಮ ಬಿರಿದ ವಾರ, ವಿಲ್ಲೋ ಹಳದಿಗಣ್ಣು ಬಿಟ್ಟಾಗ
ಮುಚ್ಚಳ ಎತ್ತಿ ಮೂಗಿನಲ್ಲೇ ಲೆಕ್ಕ ಹಾಕುತ್ತಾಳೆ:
ತಿಂದದ್ದೆಷ್ಟು, ಉಳಿದದ್ದೆಷ್ಟು, ತೀರಿಕೊಂಡವರೆಷ್ಟು.
ನಮ್ಮ ಲಿಥುವೇನಿಯದ ಮಾತಿನಲ್ಲಿ
ಹಸು ಸಾಯುತ್ತದೆ, ಕುದುರೆ ಸಾಯುತ್ತದೆ,
ಜೇನು ಮಾತ್ರ ಮನುಷ್ಯರ ಹಾಗೆ ತೀರಿಕೊಳ್ಳುತ್ತದೆ.

ಮೇ ತಿಂಗಳು, ಹೊಲವೆಲ್ಲ ಡ್ಯಾಂಡೆಲಿಯನ್.
ರಾಣಿಗೆ ಮೊಟ್ಟೆಯಿಡುವ ಭರ;
ಇಡಲು ಒಂದು ಕಣ್ಣೂ ಖಾಲಿ ಇಲ್ಲ.
ಮರಿಗಳ ಕೋಣೆಗೇ ಜೇನು ತಂದು ತುಂಬುತ್ತಿದ್ದಾರೆ ದುಡಿಯುವವರು,
ತೊಟ್ಟಿಲಿಗೆ ದವಸ ಸುರಿದ ಹಾಗೆ.
ಕೆಲಸವಿಲ್ಲದ ಎಳೆಯರು ಬಾಗಿಲಲ್ಲಿ ಗಡ್ಡದಂತೆ ಜೋತು
ಗುಸುಗುಸು.
ಪಾಲಾಗುವ ಮನೆಗಳಲ್ಲೆಲ್ಲ ಮೊದಲು ಹೀಗೇ, ಬಾಗಿಲಲ್ಲಿ.

ಆಗ ಅವಳು ಜಾಗ ಮಾಡುತ್ತಾಳೆ.
ಮೇಲೊಂದು ಅಂತಸ್ತು ಏರಿಸಿದರೆ ಸಾಲದು;
ಅಟ್ಟ ಕಟ್ಟಿದ ಮಾತ್ರಕ್ಕೆ ಅಡುಗೆಮನೆಯ ಜಗಳ ನಿಲ್ಲುವುದೆ?
ನಡುಮನೆಗೇ ಕೈ ಹಾಕಬೇಕು:
ತುಂಬಿದ ಎರಿಯೊಂದು ಮೇಲಕ್ಕೆ, ಖಾಲಿ ಎರಿಯೊಂದು ಒಳಕ್ಕೆ,
ಮತ್ತೆ ತುಂಬಿದ್ದು, ಮತ್ತೆ ಖಾಲಿ.
ಖಾಲಿಯನ್ನು ಒಳಗಿಡುವುದಿದೆಯಲ್ಲ, ಅದೇ ಕಷ್ಟದ ಕೆಲಸ.

ಒಂಬತ್ತು ದಿನಕ್ಕೊಮ್ಮೆ ಚೌಕಟ್ಟುಗಳ ಕೆಳಂಚು ನೋಡುತ್ತಾಳೆ.
ಹೊಸ ರಾಣಿಗೆಂದು ಜೋತುಬಿಟ್ಟ ಮೇಣದ ತೊಟ್ಟಿಲು ಸಿಕ್ಕರೆ
ಉಗುರಿನಲ್ಲಿ ಚಿವುಟಿ, ಏಪ್ರನ್ನಿಗೆ ಒರೆಸಿ,
ಶಿಲುಬೆಯ ಗುರುತು ಹಾಕುತ್ತಾಳೆ, ಕ್ಷಮೆಗೋ ಅಭ್ಯಾಸಕ್ಕೋ.

ಆ ಸಲ ಒಂಬತ್ತನೆಯ ದಿನ ಮಳೆ.
ಹತ್ತನೆಯ ದಿನ ಅವಳ ಮೊಣಕಾಲು; ಜರಸಾಯ್ ಆಸ್ಪತ್ರೆಗೆ ಬಸ್ಸು.
ನಾನು ಬೇಲಿಯ ಈಚೆ ದಿನ ಎಣಿಸುತ್ತಿದ್ದೆ.
ಹೇಳಬಹುದಿತ್ತು.
ಬಾಯಿ ಎನ್ನುವುದೂ ಒಂದು ಪೆಟ್ಟಿಗೆಯೇ;
ಬಹಳ ದಿನ ತೆರೆಯದಿದ್ದರೆ ಒಳಗಿನವರೇ ಅಂಟು ಮೆತ್ತುತ್ತಾರೆ.

ಹನ್ನೊಂದನೆಯ ದಿನ ಬಿಸಿಲು.
ಚರ್ಚಿನ ಗಂಟೆ ನಿಂತದ್ದೇ ಪೆಟ್ಟಿಗೆ ಕುದಿದು ಉಕ್ಕಿತು.
ಹಾಲು ಉಕ್ಕಿದ ಹಾಗಲ್ಲ; ಹಾಲು ಹಾಡುವುದಿಲ್ಲ.
ಹಳೆಯ ರಾಣಿ ಅರ್ಧ ಮನೆಯನ್ನು ಮಡಿಲಿಗೆ ಕಟ್ಟಿಕೊಂಡು
ಬೇಲಿ ದಾಟಿ, ನಾವು ಕೋರ್ಟಿಗೆ ಹೋದ ಕಾಲುವೆ ದಾಟಿ,
ಸಾಮೂಹಿಕ ಬೇಸಾಯ ಮುರಿದು ನೆಲ ಹಂಚಿದಾಗ
ಯಾರದೆಂದು ಮೂರು ಸಲ ಅಳೆದ ಆ ಒಂದೂವರೆ ಮೀಟರ್ ದಾಟಿ
ನನ್ನ ಸೇಬಿನ ಕೊಂಬೆಗೆ ಜೋತಳು.
ಹನ್ನೆರಡು ಸಾವಿರ ಜನ; ಒಬ್ಬರ ಬಳಿಯೂ ನಕ್ಷೆ ಇಲ್ಲ.

ಅವಳು ಬಂದಳು, ಕುಂಟುತ್ತಾ,
ಬಗಲಲ್ಲಿ ಹಳೆಯ ಪೆಟ್ಟಿಗೆ, ಹೆಗಲ ಮೇಲೆ ಬಿಳಿ ದುಪ್ಪಟಿ.
“ಜಿಗ್ಮಾಸ್, ನೀರು ತಾ” ಎಂದಳು.
ಹನ್ನೊಂದು ವರ್ಷದ ನಂತರದ ಮಾತು, ಇಷ್ಟೇ ಅಗಲ.
ತಂದೆ. ಹೆಬ್ಬಾತಿನ ಗರಿಯಲ್ಲಿ ಚಿಮುಕಿಸಿ
ಕೊಂಬೆ ಒದರಿದಳು. ದುಪ್ಪಟಿಯ ಮೇಲೆ ಬಿದ್ದವರು
ಚೆಲ್ಲಿದ ಕಾಫಿಬೀಜದಂತೆ ಒಂದು ಗಳಿಗೆ; ಆಮೇಲೆ
ಭಾನುವಾರದ ಜನದ ಹಾಗೆ ಪೆಟ್ಟಿಗೆಯ ಕಡೆ ನಡೆದರು.

ಎತ್ತಿಕೊಡಲೆಂದು ಬಗ್ಗಿದೆ. “ಬಿಡು.
ಎಲ್ಲಿ ಇಳಿದರೋ ಅಲ್ಲೇ ಇರಲಿ.”
ಬೆಲೆ ಕೇಳಬಾರದು, ನನಗೂ ಗೊತ್ತು;
ಜೇನು ಮಾರಿದರೆ ಏಳಿಗೆಯಿಲ್ಲ.
ಹಂಚಿಕೊಂಡವರಿಗೆ ನಮ್ಮಲ್ಲಿ ಬೇರೆಯೇ ಹೆಸರುಂಟು, ಬಿಚ್ಯೂಲಿಸ್:
ರಕ್ತದ ನಂಟಿಗಿಂತ ಒಂದು ಮೆಟ್ಟಿಲು ಆಚೆ, ನೊಣದ ನಂಟು.
ಆ ಪದವನ್ನು ಇಬ್ಬರೂ ಆಡಲಿಲ್ಲ.
ಕಾಲುವೆಯ ವಿಷಯ ಎತ್ತಲಿಲ್ಲ.
ಕೋರ್ಟಿನ ಕಾಗದ ಈಗಲೂ ಅಲ್ಮೇರದಲ್ಲಿದೆ.

ಮತ್ತೆ ಮೇ. ನನ್ನ ಪೆಟ್ಟಿಗೆಯ ಬಾಗಿಲಲ್ಲಿ ಗಡ್ಡ.
ಖಾಲಿ ಎರಿ ಹಿಡಿದು ನಿಂತಿದ್ದೇನೆ, ಕೈ ನಡುಗುತ್ತಿದೆ.
ಬೇಲಿಯ ಮೇಲೆ ಎರಡು ಮೊಣಕೈ.
“ಎರಡನೆಯದಲ್ಲ,” ಎನ್ನುತ್ತಾಳೆ, “ಮೂರನೆಯದು. ಅಲ್ಲಲ್ಲ,
ಇನ್ನೊಂಚೂರು ಸರಿಸು, ಮಾರಾಯ.
ಅವರು ಎಲ್ಲಿ ಕೂರಬೇಕು?”